ತಿರುಪು ನಾನೇ ತಿರುಗಿಸಿದ್ದು

ಬರೋಡಾ ಹತ್ತಿರದ ಕೊಯಾಲಿಯ ತೈಲ ರಿಫೈನರಿಯಲ್ಲಿ ಕುಲುಮೆ ನೋಡಿಕೊಳ್ಳುವುದು ನನ್ನ ಕೆಲಸ. ಜ್ವಾಲೆ ಹೊಗೆಯಾಡಿದರೆ ಗಾಳಿ ಸಾಲದು ಎಂದರ್ಥ, ಕಿಂಡಿ ಅಗಲಿಸಬೇಕು. ಅರವತ್ತರ ದಶಕದ ಕೊನೆಯ ಆ ಚಳಿಗಾಲದ ಹೊತ್ತಿಗೆ ಇದು ಕೈಗೆ ರೂಢಿಯಾಗಿಬಿಟ್ಟಿತ್ತು. ಕೇಳಿ ಮಾಡುವ ಸ್ವಭಾವವೂ ನನ್ನದಲ್ಲ. ಮೊದಲು ಮಾಡಿ, ಆಮೇಲೆ ನೂರೆಂಟು ಪ್ರಶ್ನೆ ಕೇಳುವವನು.

ಹುಬ್ಬಳ್ಳಿಯಿಂದ ಅಪ್ಪ ನಮ್ಮ ಕ್ವಾರ್ಟರ್ಸಿಗೆ ಬಂದಿದ್ದರು. ಹತ್ತಿ ಮಿಲ್ಲಿನ ಧೂಳು, ಬೀಡಿ ಎರಡೂ ಸೇರಿ ತಂದ ಹಳೆಯ ಕೆಮ್ಮು. ಚಳಿಗೆ ಅದು ಕೆರಳಿ, ಒಂದು ಬೆಳಿಗ್ಗೆ ಉಸಿರು ಸಿಗದೆ ತುಟಿ ನೀಲಿಗಟ್ಟಿತು. ಬರೋಡಾದ ಆಸ್ಪತ್ರೆಗೆ ಒಯ್ದೆ. ಡಾಕ್ಟರು ಗಾಜಿನ ದೊಡ್ಡ ಸಿರಿಂಜಿನಿಂದ ಶ್ವಾಸನಾಳ ಸಡಿಲಿಸುವ ಅಮಿನೋಫಿಲಿನ್ ಔಷಧವನ್ನು ಗಡಿಯಾರ ನೋಡುತ್ತ ಇಷ್ಟಿಷ್ಟೇ ರಕ್ತನಾಳಕ್ಕೆ ಬಿಟ್ಟರು. ಅಷ್ಟು ನಿಧಾನ ಯಾಕೆ ಎಂದೆ. ಅವಸರ ಮಾಡಿದರೆ ಎದೆಬಡಿತ ತಾಳ ತಪ್ಪುತ್ತದಂತೆ. ಸಿಸ್ಟರ್ ಮೂಗಿಗೆ ನಳಿಕೆ ಇಟ್ಟು ಆಮ್ಲಜನಕವನ್ನು ಸಣ್ಣಗೆ ಬಿಟ್ಟು ಪಕ್ಕದ ಹಾಸಿಗೆಗೆ ಹೋದರು.

ತುಟಿ ಇನ್ನೂ ನೀಲಿಯಾಗಿತ್ತು. ಸಿಲಿಂಡರ್ ತುಂಬ ಗಾಳಿ ಇದೆ, ಕೈಬಿಚ್ಚಿ ಕೊಡಲು ಇವರಿಗೇನು ಧಾಡಿ ಎಂದು ಸಿಟ್ಟು ಬಂತು. ಸಿಲಿಂಡರಿನ ತಿರುಪನ್ನು ಜಾಸ್ತಿಗೆ ತಿರುಗಿಸಿಯೇಬಿಟ್ಟೆ. ತುಟಿ ಕೆಂಪಾಯಿತು, ಅಪ್ಪ ನಿದ್ದೆ ಹೋದರು. ಗೆದ್ದೆ ಎಂದುಕೊಂಡು ಚಹಾ ಕುಡಿಯಲು ಹೋದೆ.

ಮರಳಿ ಬಂದಾಗ ಡಾಕ್ಟರು ಅಪ್ಪನ ಕೆನ್ನೆ ತಟ್ಟುತ್ತಿದ್ದರು. ಎಚ್ಚರವೇ ಇಲ್ಲ, ಉಸಿರು ಎಲ್ಲೋ ಒಂದೊಂದು.

"ಕಿಸ್ನೆ ಖೋಲಾ?" ಯಾರು ತೆರೆದದ್ದು ಎಂದು ಗದರಿದರು. ನಾನೇ ಎಂದೆ. ಅವರು ತಿರುಪು ಇಳಿಸಿ, ಉಸಿರನ್ನು ಬಡಿದೆಬ್ಬಿಸುವ ನಿಕೆಥಮೈಡ್ ಚುಚ್ಚಿದರು. ಆಗಲೂ ನನ್ನ ಬಾಯಿ ಸುಮ್ಮನಿರಲಿಲ್ಲ: ಆಮ್ಲಜನಕ ಹೆಚ್ಚಾದರೆ ಉಸಿರು ಕಡಿಮೆಯಾಗುವುದು ಹೇಗೆ? ಈ ಕಾಯಿಲೆ ಹಳತಾದವರಲ್ಲಿ ಆಮ್ಲಜನಕದ ಕೊರತೆಯೇ ಬಾರುಕೋಲಿನಂತೆ ಉಸಿರನ್ನು ನಡೆಸುತ್ತದೆ, ನೀನು ಕೋಲನ್ನೇ ಕಿತ್ತುಕೊಂಡೆ ಎಂದರು. ಒಳಗಿನ ಕೆಟ್ಟ ಗಾಳಿ ಹೊರಬೀಳದೆ ರಕ್ತದಲ್ಲಿ ತುಂಬಿ ಮಂಪರು ತಂದಿತ್ತು. ಹಾಗಾದರೆ ಈ ಮದ್ದು ಹೋಗುವುದು ಶ್ವಾಸಕೋಶಕ್ಕೋ ಎಂದೆ. ಅಲ್ಲ, ಮಿದುಳಿಗೆ, ಪ್ರಶ್ನೆ ಸಾಕು, ಮಾತಾಡಿಸುತ್ತಾ ಎಚ್ಚರವಿಡು ಎಂದರು.

"ಅಪ್ಪಾ, ಅಪ್ಪಾ" ಎಂದು ಕರೆಯುತ್ತಲೇ ಇದ್ದೆ. ಬಹಳ ಹೊತ್ತಿಗೆ ಅಪ್ಪ ಹುಬ್ಬು ಗಂಟಿಕ್ಕಿ ಕಣ್ಣು ತೆರೆದರು. ನನಗೆ ಅಳು ಬಂತು.

"ಅಪ್ಪಾ, ಅದನ್ನ ತಿರುವಿದಾಂವ ನಾನ."

"ನೋಡೀನಿ," ಎಂದರು, ಒಂದೊಂದು ಮಾತಿಗೂ ಉಸಿರೆಳೆಯುತ್ತಾ. "ಬ್ಯಾಡ ಅನ್ನಾಂವಿದ್ದೆ. ಮಗಾ ಮಾಡ್ಲಿಕತ್ತಾನ ಅಂದ್ರ ಸರೀನ ಇರ್ತದ ಅಂತ ಸುಮ್ಮನಾದೆ."