ಕಲಶದ ನೀರು ಕುಡಿದ ಗಿಡ

ಮಾರ್ಚ್ ಮುಗಿಯುತ್ತಾ ಬಂದಿದೆ. ನೈರೋಬಿಯ ದೊಡ್ಡ ಮಳೆ ಇವತ್ತೋ ನಾಳೆಯೋ ಎನ್ನುವಂತಿದೆ. ಬೆಳಗಿನ ಮಬ್ಬಿನಲ್ಲಿ ಲೊರೆಶೋದ ಇಳಿಜಾರೊಂದರಲ್ಲಿ ಭಾನುಮತಿ ಬಿದಿರಿನ ಗಳ ನೆಡುತ್ತಿದ್ದಾರೆ. ಗಳಕ್ಕೆ ಗಳ ಸೇರಿಸಿ ಹಗ್ಗ ಬಿಗಿದು, ಮೇಲೆ ಪ್ಲಾಸ್ಟಿಕ್ ಹಾಳೆ ಎಳೆದು, ನಾಲ್ಕು ಮೂಲೆಗೂ ಕಲ್ಲು ಹೇರಿದರೆ ಒಂದು ಸಾಲು ಮುಗಿಯುತ್ತದೆ. ಅಕ್ಕಪಕ್ಕದ ಮನೆಗಳವರು ಹುಲ್ಲು ಚಿಗುರಲಿ ಎಂದು ಮುಗಿಲು ನೋಡುತ್ತಿದ್ದರೆ ಈ ತೋಟ ಮಾತ್ರ ಮೋಡ ಕಂಡರೆ ಹೆದರುತ್ತದೆ. ಇಲ್ಲಿರುವುದೆಲ್ಲ ಮರಳುಗಾಡಿನ ಗಿಡಗಳು. ಪಾಪಾಸುಕಳ್ಳಿ, ಕತ್ತಾಳೆ, ಹತ್ತಾರು ಬಗೆಯ ಲೋಳೆಸರ, ಹೊಟ್ಟೆಯಲ್ಲಿ ನೀರು ಬಚ್ಚಿಟ್ಟುಕೊಂಡು ವರ್ಷ ನೂಕುವ ಗುಂಡು ಕಾಂಡದವು.

"ಮಳೆ ಬಂತು ಅಂದ್ರೆ ನಮ್ಮೂರಲ್ಲಿ ಮಕ್ಕಳು ಹೊರಗೆ ಓಡ್ತಿದ್ವು. ಇಲ್ಲಿ ನಾನು ಕೊಡೆ ಹಿಡ್ಕೊಂಡು ಗಿಡಗಳ ಹಿಂದೆ ಓಡ್ತೀನಿ," ಎನ್ನುತ್ತಾ ಅವರು ಹಗ್ಗದ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಗಂಟು ಎಳೆಯುತ್ತಾರೆ. ಸೀರೆಯ ಮೇಲೆ ಗಂಡನ ಹಳೆಯ ಸ್ವೆಟರ್, ಕಾಲಿಗೆ ರಬ್ಬರ್ ಬೂಟು. ಬೆರಳ ತುದಿಗಳಲ್ಲಿ ಮುಳ್ಳು ಮುರಿದು ಕಪ್ಪಾದ ಚುಕ್ಕೆಗಳಿವೆ. ಅವನ್ನು ತೆಗೆಯುವ ಗೋಜಿಗೆ ಅವರು ಹೋಗುವುದಿಲ್ಲ.

ಭಾನುಮತಿಯವರ ಊರು ಚಳ್ಳಕೆರೆ ಕಡೆಯ ಒಂದು ಕುರಿಹಟ್ಟಿ. ಅಪ್ಪ ಹಟ್ಟಿಯ ಸುತ್ತ ಕಳ್ಳಿ ನೆಟ್ಟು ಬೇಲಿ ಕಟ್ಟುತ್ತಿದ್ದರು. ಪತಿ ಮಧುಕರ ಇಲ್ಲಿನ ಔಷಧ ಕಾರ್ಖಾನೆಯೊಂದರ ಪ್ಯಾಕಿಂಗ್ ವಿಭಾಗದ ಮ್ಯಾನೇಜರ್. ಮಗಳು ಸಾನ್ವಿ ಚಿಕ್ಕವಳಿದ್ದಾಗ ಬಂದು ಪಾರ್ಕ್‌ಲ್ಯಾಂಡ್ಸ್‌ನ ಫ್ಲ್ಯಾಟಿನಲ್ಲಿ ನೆಲೆಸಿದರು. ಮಗಳ ಶಾಲೆಯ ಪ್ರವಾಸಕ್ಕೆ ಜೊತೆಯಾಗಿ ಈ ತೋಟಕ್ಕೆ ಬಂದ ದಿನ, ದೃಷ್ಟಿಯಾಗದಿರಲೆಂದು ಊರಲ್ಲಿ ಬಾಗಿಲಿಗೆ ತಲೆಕೆಳಗಾಗಿ ಕಟ್ಟುವ ಲೋಳೆಸರ ಇಲ್ಲಿ ನೆಲದಲ್ಲಿ ತಲೆಯೆತ್ತಿ ಕೆಂಪು ಹೂ ಬಿಟ್ಟಿದ್ದನ್ನು ಕಂಡು ಅವರು ಅಲ್ಲೇ ನಿಂತುಬಿಟ್ಟರಂತೆ. ಮುಂದಿನ ವಾರ ಒಬ್ಬರೇ ಬಂದರು. ಅದರ ಮುಂದಿನ ವಾರವೂ ಬಂದರು. ಕೊನೆಗೆ ತೋಟದವರೇ ಸಹಾಯಕಿಯ ಕೆಲಸ ಕೊಟ್ಟರು. "ಚಳ್ಳಕೆರೆಯಲ್ಲಿ ಮುಳ್ಳಿಗೆ ಬರ ಇತ್ತೇನೇ, ಕೀನ್ಯಾಕ್ಕೆ ಬಂದು ಹುಡುಕ್ಕೋತೀಯಾ?" ಎಂದು ಮಧುಕರ ಈಗಲೂ ಛೇಡಿಸುತ್ತಾರೆ. ಹಾಗೆಂದವರೇ ಬೆಳಗಿನ ಜಾವ ಎದ್ದು ಹೆಂಡತಿಯ ಡಬ್ಬಿಗೆ ಚಿತ್ರಾನ್ನ ತುಂಬಿಸಿಕೊಡುತ್ತಾರೆ. ವೆಸ್ಟ್‌ಲ್ಯಾಂಡ್ಸ್‌ನಲ್ಲಿ ಇಳಿದು ಇನ್ನೊಂದು ಮಟಾಟು ವ್ಯಾನು ಹಿಡಿದರೆ ಬಿಸಿಲೇರುವ ಮೊದಲೇ ಭಾನುಮತಿ ತೋಟದಲ್ಲಿ.

ತೋಟಕ್ಕೆ ಅದರದೇ ಪಂಚಾಂಗವಿದೆ. ಜನವರಿಯ ಒಣ ಬಿಸಿಲಿನಲ್ಲಿ ಬೀಜದ ಹಬ್ಬ. ಏಪ್ರಿಲ್, ಮೇ ತಿಂಗಳುಗಳಲ್ಲಿ ಮಳೆಯೊಂದಿಗೆ ಗುದ್ದಾಟ, ಕಾಲುವೆ ತೋಡುವ ಕೆಲಸ. ಜೂನ್‌ನಿಂದ ಆಗಸ್ಟ್‌ವರೆಗೆ ಸೂರ್ಯ ಮುಖ ತೋರಿಸದ ಚಳಿ. ಆಗ ಗಿಡಗಳೆಲ್ಲ ನಿದ್ದೆ ಹೋಗುತ್ತವೆ, ಬಂದವರಿಗೆ ನೆರಳಿನ ಮನೆಯಲ್ಲಿ ನಾರು ಹೊಸೆಯುವುದು, ಚಿತ್ರ ಬರೆಯುವುದು. ಸೆಪ್ಟೆಂಬರ್‌ನಲ್ಲಿ ಬಿಸಿಲು ಮರಳಿದರೆ ಕುಂಡ ಬದಲಿಸುವ ಪಾಠ, ಅಕ್ಟೋಬರ್‌ನಲ್ಲಿ ಸಸಿ ಮಾರಾಟ, ವರ್ಷದ ಕೊನೆಗೆ ಸಣ್ಣ ಮಳೆ. ಶಾಲೆಯ ಮಕ್ಕಳು ಬಂದ ದಿನ ಭಾನುಮತಿಯವರ ಇಂಗ್ಲಿಷ್, ಸ್ವಾಹಿಲಿ, ಕನ್ನಡ ಮೂರೂ ಒಂದೇ ಪಾತ್ರೆಯಲ್ಲಿ ಬೇಯುತ್ತವೆ. ಮಕ್ಕಳಿಗೆ ಎಲ್ಲವೂ ಅರ್ಥವಾಗುತ್ತದೆ.

ಈ ಪಂಚಾಂಗವನ್ನು ಅವರಿಗೆ ಕಲಿಸಿದವರು ಎಕಾಯ್. ಉತ್ತರದ ತುರ್ಕಾನಾ ಸೀಮೆಯ, ಲೊಡ್ವಾರ್ ಪಟ್ಟಣದಾಚೆಯ ಆಡುಹಟ್ಟಿಯಲ್ಲಿ ಬೆಳೆದ ಮಾಲಿ. ಎತ್ತರದ ಆಳು, ಮಾತು ಕಡಿಮೆ. ಇಲ್ಲಿನ ರೂಢಿಯಂತೆ ಅವರು ಭಾನುಮತಿಯನ್ನು ಮಗಳ ಹೆಸರಿನಿಂದ ಮಾಮಾ ಸಾನ್ವಿ, ಅಂದರೆ ಸಾನ್ವಿಯ ಅಮ್ಮ, ಎಂದೇ ಕರೆಯುತ್ತಿದ್ದರು. ಇವರು ಅವರನ್ನು ಹಿರಿಯರೇ ಎನ್ನುವ ಅರ್ಥದಲ್ಲಿ ಮ್ಜೇ ಎನ್ನುತ್ತಿದ್ದರು. ಇಬ್ಬರೂ ಮುಳ್ಳುಬೇಲಿಯೊಳಗೆ ಹುಟ್ಟಿದವರು. ಮಧ್ಯಾಹ್ನದ ಚಿತ್ರಾನ್ನದಲ್ಲಿ ಅರ್ಧ ಅವರದು, ಅವರ ಫ್ಲಾಸ್ಕಿನ ಚಹಾದಲ್ಲಿ ಅರ್ಧ ಇವರದು.

ತೋಟದ ನಡುವಿನ ಕಲ್ಲುಕಟ್ಟೆಯ ಮೇಲೆ ಎಕಾಯ್ ನೆಟ್ಟ ಒಂದು ಮರುಭೂಮಿ ಗುಲಾಬಿ ಇತ್ತು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಊರಿಂದ ತಂದದ್ದು. ಅವರ ತಾಯಿ ಆಡು ಕರೆಯಲು ಕೂರುತ್ತಿದ್ದ ಜಾಗದ ಪಕ್ಕದ ಗಿಡದಿಂದ ಮುರಿದ ಕೊಂಬೆ. ತಾಯಿ ತೀರಿಕೊಂಡ ಮೇಲೆ ಹಟ್ಟಿ ಚದುರಿತು, ಅಲ್ಲಿನ ಗಿಡವೂ ಹೋಯಿತು. ಇಲ್ಲಿನದು ಮಾತ್ರ ವರ್ಷ ವರ್ಷ ದಪ್ಪಗಾಗುತ್ತಾ ಬಂತು. ಬುಡ ಉರುಟಾಗಿ ಉಬ್ಬಿ, ಮೇಲೆ ನಾಲ್ಕಾರು ಕೊಂಬೆ ಕವಲೊಡೆದು, ತುದಿಗೆ ಗುಲಾಬಿ ಬಣ್ಣದ ಹೂ. ಇದೇ ಜಾತಿಯ ಉಳಿದ ಗಿಡಗಳ ಹೂವಿನ ಒಳಗಂಟಲು ಕೆಂಪಾದರೆ ಇದರದು ಹಾಲಿನಷ್ಟು ಬಿಳುಪು. ನಿವೃತ್ತಿಯಾದಾಗ ಇದರ ಒಂದು ಕೊಂಬೆಯನ್ನು ಊರಿಗೆ ಒಯ್ದು ನೆಡುತ್ತೇನೆ ಎಂದು ಎಕಾಯ್ ಆಗಾಗ ಹೇಳುತ್ತಿದ್ದರು.

ಕಳೆದ ಆಗಸ್ಟ್‌ನಲ್ಲಿ ವರಮಹಾಲಕ್ಷ್ಮಿ ಹಬ್ಬ ಕಳೆದ ಭಾನುವಾರ ಕನ್ನಡಿಗರ ಬಳಗವನ್ನು ಭಾನುಮತಿಯವರೇ ತೋಟಕ್ಕೆ ಕರೆದರು. ಒಂದಿಷ್ಟು ಹೆಮ್ಮೆಯೂ ಇತ್ತು, ತಮ್ಮ ಕೆಲಸವನ್ನು ತಮ್ಮವರು ನೋಡಲಿ ಎಂದು. ಬಂದ ಹೆಂಗಸರ ಕೈಚೀಲಗಳಲ್ಲಿ ಕೋಸಂಬರಿಯ ಡಬ್ಬಿಗಳ ಜೊತೆ ನೀರಿನ ಬಾಟಲಿಗಳೂ ಇದ್ದವು. ಅದು ಹಬ್ಬದ ಕಲಶದ ನೀರು. ಯಾರೂ ತುಳಿಯದ ಕಡೆ, ಗಿಡದ ಬುಡಕ್ಕೇ ಸುರಿಯಬೇಕಾದದ್ದು. ಮೂರನೆಯ ಮಹಡಿಯ ಫ್ಲ್ಯಾಟಿನಲ್ಲಿ ಅಂಥ ಮಣ್ಣೆಲ್ಲಿ? ಬಾಲ್ಕನಿಯ ತುಳಸಿ ಎಷ್ಟು ಕುಡಿದೀತು? ಬಳಗದ ಹಿರಿಯರೊಬ್ಬರು, ಇಂದು ಎನ್ನುವವರು, ಕಟ್ಟೆಯ ಮೇಲಿನ ಗುಂಡುಹೊಟ್ಟೆಯ ಗಿಡ ಕಂಡದ್ದೇ ಕೈಮುಗಿದರು.

"ಇದು ಥೇಟ್ ಕಲಶಾನೇ ಕಣ್ರೇ. ಲಕ್ಷ್ಮಿ ಇಲ್ಲೇ ಕೂತಿದಾಳೆ, ನಾವು ನೀರು ಹೊತ್ಕೊಂಡು ಊರೆಲ್ಲ ಅಲೀತಿದೀವಿ," ಎಂದು ಅದರ ಹೊಟ್ಟೆಗೆ ಅರಿಸಿನ ಕುಂಕುಮ ಹಚ್ಚಿ, ಬಾಟಲಿ ಬರಿದು ಮಾಡಿದರು. ಅವರ ಹಿಂದೆ ಒಬ್ಬೊಬ್ಬರೇ ಸಾಲು ನಿಂತರು. ಚಳಿಗಾಲದಲ್ಲಿ ನಿದ್ದೆ ಹೋದ ಆ ಗಿಡಕ್ಕೆ ಒಂದು ಹನಿಯೂ ಕೂಡದು ಎಂಬುದು ಅಲ್ಲಿ ಗೊತ್ತಿದ್ದದ್ದು ಭಾನುಮತಿಗೆ ಮಾತ್ರ. ಎಕಾಯ್‌ಗೆ ಅಂದು ರಜೆ.

"ಬೇಡ ಅನ್ನೋ ಮಾತು ನಾಲಿಗೆ ತುದಿವರೆಗೆ ಬಂತು," ಎನ್ನುತ್ತಾರೆ ಅವರು, ಹಾಳೆ ಎಳೆಯುವುದನ್ನು ನಿಲ್ಲಿಸಿ. "ಪೂಜೆ ನೀರು. ಹಿರಿಯರು. ಬೇಡ ಅಂದ್ರೆ ಅಪಶಕುನ ಅಂದ್ಕೋತಾರೆ ಅನ್ನಿಸ್ತು. ಶಾಲೆ ಮಕ್ಕಳಿಗಾದ್ರೆ ಗದರಿಬಿಡ್ತಿದ್ದೆ."

ಸಂಜೆ ಮೇಲಿನ ಹಸಿ ಮಣ್ಣು ಕೆದಕಿ ಒಣ ಮರಳು ತುಂಬಿದರು. ಎಕಾಯ್ ಬಂದಾಗ ನಡೆದದ್ದನ್ನೂ ಹೇಳಿದರು. ಆದರೆ ನೀರು ಆಳಕ್ಕೆ ಇಳಿದಾಗಿತ್ತು, ವಾರಗಟ್ಟಲೆ ಬಿಸಿಲೂ ಬರಲಿಲ್ಲ. ಕುಂಕುಮದ ಬೊಟ್ಟಿದ್ದ ಕಡೆ ಒತ್ತಿದ ಎಕಾಯ್‌ರ ಹೆಬ್ಬೆರಳು ಕಳಿತ ಪರಂಗಿಗೆ ಇಳಿದಂತೆ ಒಳಗಿಳಿಯಿತು. ಕೊಂಬೆಗಳನ್ನು ಕತ್ತರಿಸಿ ನೋಡಿದರು. ಕೊಳೆ ತುದಿಯವರೆಗೂ ಹತ್ತಿತ್ತು. ಮ್ಜೇ ಬೈಯಲಿಲ್ಲ. ಗುದ್ದಲಿ ತೊಳೆದಿಟ್ಟು, ಅಂದಿನ ಚಹಾವನ್ನು ಒಬ್ಬರೇ ಕುಡಿದರು.

ಬೀಜವಾದರೂ ಇದೆಯೇ ಎಂದರೆ ಅದೂ ಇರಲಿಲ್ಲ. ಆಡಿನ ಕೊಂಬಿನಂಥ ಅದರ ಜೋಡಿ ಕಾಯಿ ಜನವರಿಯಲ್ಲಿ ಬಿರಿಯುತ್ತದೆ. ರೆಕ್ಕೆಯಂಥ ಕುಚ್ಚುಳ್ಳ ಬೀಜಗಳನ್ನು ಮಕ್ಕಳ ಅಂಗೈಗೆ ಕೊಟ್ಟು ಉಫ್ ಎಂದು ಊದಿಸುವುದೇ ಬೀಜದ ಹಬ್ಬದ ದೊಡ್ಡ ಆಟ. ವರ್ಷ ವರ್ಷವೂ ಊದಿದ್ದಾಯಿತು, ಎತ್ತಿಡಬೇಕೆಂದು ಯಾರಿಗೂ ಹೊಳೆಯಲಿಲ್ಲ. ಗಿಡ ಎಲ್ಲಿಗೆ ಹೋಗುತ್ತದೆ ಎನ್ನುವ ನಂಬಿಕೆ.

ಸಣ್ಣ ಮಳೆ ಶುರುವಾದಾಗಿನಿಂದ ಭಾನುಮತಿ ಊಟದ ಬಿಡುವಿನಲ್ಲಿ ಕಲ್ಲುಸಂದಿಗಳನ್ನೆಲ್ಲ ಬಗ್ಗಿ ಬಗ್ಗಿ ನೋಡತೊಡಗಿದರು. ಚಿತ್ರಾನ್ನದ ಡಬ್ಬಿ ಹಾಗೇ ಮನೆಗೆ ಮರಳುತ್ತಿತ್ತು. ಗೇಟಿನ ಬಳಿಯ ಎರಡು ಬಂಡೆಗಳ ನಡುವೆ ಕೊನೆಗೂ ಒಂದು ಸಸಿ ಸಿಕ್ಕಿತು, ಕಿರುಬೆರಳ ಗಾತ್ರದ್ದು. ಆದರೆ ತೋಟದಲ್ಲಿ ನರ್ಸರಿಯಿಂದ ಕೊಂಡು ತಂದ ಬೇರೆ ಮರುಭೂಮಿ ಗುಲಾಬಿಗಳೂ ಇವೆ. ಇದು ಯಾರ ಮಗುವೋ ಹೇಳಬಲ್ಲವರಿಲ್ಲ. ಕುಂಡಕ್ಕೆ ಹಾಕಿದ್ದಾಯಿತು. ಡಿಸೆಂಬರ್‌ನಲ್ಲಿ ಮೊಣಕಾಲು ನೋವಿನಿಂದ ಎಕಾಯ್ ಕೆಲಸ ಬಿಟ್ಟರು. ಚಿಕಿತ್ಸೆಗೆಂದು ನಗರದಲ್ಲಿರುವ ಮಗಳ ಮನೆಯಲ್ಲಿ ಉಳಿದರು. ಊರಿಗೆ ಹೋಗುವ ದಿನ ಗಿಡ ಕೊಡುತ್ತೇನೆಂದು ಭಾನುಮತಿ ಮಾತು ಕೊಟ್ಟಿದ್ದರು.

ಆ ದಿನ ಇವತ್ತು. ಒಂಬತ್ತರ ಸುಮಾರಿಗೆ ಎಕಾಯ್ ಕೋಲೂರಿಕೊಂಡು ಗೇಟಿನಿಂದ ಮೇಲೇರಿ ಬರುತ್ತಾರೆ. ಖಾಲಿ ಕಟ್ಟೆಯ ಬಳಿ ಒಂದು ಗಳಿಗೆ ನಿಲ್ಲುತ್ತಾರೆ. ಮಧ್ಯಾಹ್ನ ಲೊಡ್ವಾರ್ ಕಡೆಗೆ ಬಸ್ಸು, ಇನ್ನು ತಿರುಗಿ ಬರುವ ಮಾತಿಲ್ಲ. ಭಾನುಮತಿ ಕುಂಡವನ್ನು ಹಳೆಯ ಟವೆಲಿನಲ್ಲಿ ಸುತ್ತಿ ತಂದು ಮುಂದಿಡುತ್ತಾರೆ. ಬುಡ ಈಗ ಹೆಬ್ಬೆರಳಿನಷ್ಟಾಗಿದೆ. ಎಕಾಯ್ ಅದನ್ನು ತಿರುಗಿಸಿ ತಿರುಗಿಸಿ ನೋಡುತ್ತಾರೆ, ಒತ್ತಿ ನೋಡುತ್ತಾರೆ. ಗಟ್ಟಿಯಾಗಿದೆ. ಆಮೇಲೆ ಟವೆಲನ್ನು ಬಿಚ್ಚಿ ಮಡಿಸಿ, ಕುಂಡವನ್ನು ಇವರ ಕಡೆಗೇ ಸರಿಸುತ್ತಾರೆ.

"ಹೂ ಬಿಡಲಿ, ಮಾಮಾ ಸಾನ್ವಿ," ಎನ್ನುತ್ತಾರೆ ಸ್ವಾಹಿಲಿಯಲ್ಲಿ, ನಿಧಾನವಾಗಿ. "ಗಂಟಲು ಬಿಳಿಯಾಗಿದ್ದರೆ ಅಮ್ಮನದು. ಆಗ ಕಳಿಸು. ಕೆಂಪಾಗಿದ್ದರೆ ಇಲ್ಲೇ ಇರಲಿ."

ಹೂವಿಗೆ ಇನ್ನೂ ಎರಡು ವರ್ಷವಾದರೂ ಬೇಕು. ಇಬ್ಬರಿಗೂ ಅದು ಗೊತ್ತು. ಆ ಮೊಣಕಾಲು, ಆ ವಯಸ್ಸು ಕೂಡ ಇಬ್ಬರಿಗೂ ಕಾಣುತ್ತಿವೆ. ಎಕಾಯ್ ಫ್ಲಾಸ್ಕ್ ತಂದಿದ್ದಾರೆ. ಮುಚ್ಚಳದ ಲೋಟಕ್ಕೆ ಚಹಾ ಬಗ್ಗಿಸಿ ಮೊದಲು ತಾವು ಅರ್ಧ ಕುಡಿದು, ಉಳಿದರ್ಧವನ್ನು ಇವರತ್ತ ಚಾಚುತ್ತಾರೆ. ಭಾನುಮತಿ ಅಸಾಂಟೆ, ಉಪಕಾರವಾಯಿತು ಎಂದು ಎರಡೂ ಕೈಯಲ್ಲಿ ಇಸಿದುಕೊಳ್ಳುತ್ತಾರೆ.

ಮ್ಜೇ ಇಳಿಜಾರು ಇಳಿದು ಕಣ್ಮರೆಯಾಗುವ ಹೊತ್ತಿಗೆ ಮೊದಲ ಹನಿ ಪ್ಲಾಸ್ಟಿಕ್ ಹಾಳೆಯ ಮೇಲೆ ಟಪ್ಪೆನ್ನುತ್ತದೆ. ಭಾನುಮತಿ ಕುಂಡವನ್ನೆತ್ತಿ ಹಾಳೆಯ ಕೆಳಗೆ, ಗಾಳಿಯ ಎರಚಲೂ ತಾಗದ ಮೂಲೆಗೆ ಸರಿಸಿ, ಅಲ್ಲೇ ಕುಕ್ಕರಗಾಲಲ್ಲಿ ಕೂರುತ್ತಾರೆ.

"ಬಿಳಿ ಗಂಟಲಿನ ಹೂವೇ ಬಿಡಲಿ ಅಂತ ಕೇಳ್ಕೊಳ್ಳೋಕೂ ಭಯ," ಎನ್ನುತ್ತಾರೆ. "ಬಿಟ್ರೆ ನಾನೇ ಮಡಿಲಲ್ಲಿ ಇಟ್ಕೊಂಡು ಲೊಡ್ವಾರ್‌ಗೆ ಹೋಗ್ತೀನಿ. ಅಲ್ಲೀವರೆಗೆ ಇದು ನನ್ನ ಮೇಲಿನ ಸಾಲ. ಮ್ಜೇ ಇರಬೇಕು, ಅಷ್ಟೇ."