ಚಿತ್ರದೊಳಗಿನ ಅಂಗಡಿಕಾರ

ಹಾಲು ಉಕ್ಕುತ್ತದೆಂದು ಒಲೆ ಆರಿಸಲು ಒಳಗೆ ಹೋಗಿದ್ದೆ. ಅಷ್ಟರಲ್ಲಿ ಅದಿರು ಲಾರಿಯ ಡ್ರೈವರೊಬ್ಬ ಅಂಗಡಿಗೆ ಬಂದು ಜೋಳದ ಹಿಟ್ಟು ಕೇಳಿದ್ದಾನೆ. ನನ್ನ ನಾಲ್ಕು ವರ್ಷದ ಮಗಳು ಸೊಂಟದ ಮೇಲೆ ಕೈಯಿಟ್ಟು, "ಅಂಗಡಿ ಬಂದ್ ಐತ್ರಿ. ಅಪ್ಪ ಸಂಜೀಕ ಬರ್ತಾನ" ಎಂದು ಅವನನ್ನು ಕಳಿಸಿಯೇ ಬಿಟ್ಟಿದ್ದಳು!

"ಅಣ್ಣಾರ, ಬರ್ರಿ, ಅಂಗಡಿ ತಗದೈತ್ರಿ" ಎಂದು ನಾನು ಕೂಗುತ್ತ ಓಡಿಬರುವಷ್ಟರಲ್ಲಿ ಲಾರಿ ಸಾವರ್ಡೆಯ ಕಡೆ ಹೊರಟಿತ್ತು.

ಕುಡಚಡೆಯ ಈ ಕಿರಾಣಿ ಅಂಗಡಿ ನಡೆಸುವವಳು ನಾನು. ಗಂಡ ಬೆಳಗಿನ ರೈಲು ಹಿಡಿದು ಮುರ್ಮುಗಾಂವ್ ಬಂದರಿಗೆ ಕೆಲಸಕ್ಕೆ ಹೋದರೆ ಬರುವುದು ಸಂಜೆಗೇ. ಉದ್ದಿನಬೇಳೆ ಯಾವ ಡಬ್ಬಿಯಲ್ಲಿದೆ ಎಂಬುದೂ ಅವರಿಗೆ ಗೊತ್ತಿಲ್ಲ. ಮಗಳು ಬೆಳೆದದ್ದೇ ಗಲ್ಲಾದ ಹಿಂದೆ, ನನ್ನ ತೊಡೆಯ ಮೇಲೆ. ಅಂಥವಳ ಕಣ್ಣಿಗೆ ನಾನು ಕಾಣದೆ ಹೋದದ್ದು ಹೇಗೆ?

ಕಾರಣ ಹುಡುಕಲು ಬಹಳ ದೂರ ಹೋಗಬೇಕಾಗಲಿಲ್ಲ. ಧಾರವಾಡದಿಂದ ನನ್ನ ತಂಗಿ ತಂದುಕೊಟ್ಟ ಚಿತ್ರದ ಪುಸ್ತಕವೊಂದಿತ್ತು. ಅದರಲ್ಲಿ ದಪ್ಪ ಮೀಸೆಯ ಅಪ್ಪ ಅಂಗಡಿಯಲ್ಲಿ ತಕ್ಕಡಿ ಹಿಡಿದಿದ್ದಾನೆ, ಪಕ್ಕದಲ್ಲಿ ಮಗ ಬೆಲ್ಲ ತೂಗಲು ಕಲಿಯುತ್ತಿದ್ದಾನೆ. ಅವ್ವ ಒಳಗೆ ರೊಟ್ಟಿ ಬಡಿಯುತ್ತಿದ್ದಾಳೆ, ಮಗಳು ಗೊಂಬೆಗೆ ಜಡೆ ಹೆಣೆಯುತ್ತಿದ್ದಾಳೆ. ಬಣ್ಣಗಳೇನೋ ಬಹಳ ಚೆಂದ. ದಿನಾ ಓದಿ ಹೇಳುತ್ತಿದ್ದವಳೂ ನಾನೇ.

ಗಿರಾಕಿ ಹೋದರೆ ಹೋಗಲಿ, ಇನ್ನೊಬ್ಬ ಬರುತ್ತಾನೆ. ನನಗೆ ಸಂಕಟವಾದದ್ದು ಬೇರೆಯದಕ್ಕೆ. ಬೆಳಿಗ್ಗೆ ತಕ್ಕಡಿಗೆ ಕುಂಕುಮ ಹಚ್ಚಿ ಹೂವಿಡದೆ ನಾವು ಏನನ್ನೂ ತೂಗುವುದಿಲ್ಲ. ಈಗ ತೂಗುವುದು ಕರೆಂಟಿನ ಯಂತ್ರದಲ್ಲಾದರೂ ಪೂಜೆ ಮಾತ್ರ ಮಾವನವರ ಹಿತ್ತಾಳೆ ತಕ್ಕಡಿಗೇ. ಅದು ಮಗಳ ಕೆಲಸ, ಬೇರೆ ಯಾರಾದರೂ ಮುಟ್ಟಿದರೆ ರಂಪ ಮಾಡುತ್ತಿದ್ದಳು. ಈಗ ಬಟ್ಟಲು ಕೊಟ್ಟರೆ ಕೈ ಹಿಂದೆ ಕಟ್ಟಿಕೊಂಡು, "ಅಪ್ಪ ಹಚ್ಚಲಿ" ಅನ್ನುತ್ತಾಳೆ. ಕಣ್ಣು ಮಾತ್ರ ತಕ್ಕಡಿಯ ಮೇಲೇ ಇರುತ್ತದೆ.

ಗಂಡನಿಗೆ ಹೇಳಿದರೆ ನಕ್ಕುಬಿಟ್ಟರು. "ಬಿಡ, ಸಣ್ಣಾಕಿ ಅದಾಳ. ಮರೀತಾಳ."

"ಮರಿಯಾಕ ಅಕಿ ನಿಮ್ಮಂಗಲ್ಲರಿ" ಎಂದೆ.

ನನಗೋ ಕುತೂಹಲ ಹಿಡಿಯಿತು. ಎದುರಿಗೆ ಬೆವರು ಒರೆಸಿಕೊಳ್ಳುತ್ತ ಕೂತ ಅವ್ವ ಸುಳ್ಳು, ಕಾಗದದ ಮೀಸೆಯವನು ನಿಜ. ಇದು ಆ ಪುಟ್ಟ ತಲೆಯೊಳಗೆ ಹೇಗೆ ಕೂತಿತು? ಪುಸ್ತಕ ಒಂದೇ ಕಾರಣವೋ? ಮಾಲು ಇಳಿಸಲು ಬರುವ ದೊಡ್ಡವರೂ ನನ್ನ ಮುಖ ನೋಡುತ್ತಲೇ ಕೊಂಕಣಿಯಲ್ಲಿ "ಮಾಲಕ್ ಖಂಯ್?", ಯಜಮಾನರೆಲ್ಲಿ ಎಂದು ಕೇಳುತ್ತಾರಲ್ಲ! ಪರೀಕ್ಷೆ ಮಾಡಿಯೇ ಬಿಡೋಣವೆಂದು ಒಂದು ಸಂಜೆ ಕಥೆಯನ್ನು ತಿರುಗಿಸಿ ಓದಿದೆ.

"ಅಂಗಡ್ಯಾಗ ಅವ್ವ ಬೆಲ್ಲ ತೂಗಾಕತ್ತಾಳ..."

ಮಗಳು ಚಿತ್ರದ ಮೇಲೆ ಬೆರಳಿಟ್ಟಳು. "ಸುಳ್ಳ ಹೇಳಬ್ಯಾಡ. ಮೀಸಿ ಐತಿ ನೋಡ."

"ಹಂಗಾರ ನಾ ದಿನಾ ಅಂಗಡ್ಯಾಗ ಏನ ಮಾಡ್ತೇನಿ?"

ಅವಳು ಯೋಚಿಸಿದಳು. "ಅಪ್ಪ ಬರೂತನಾ ಕುಂತಿರ್ತಿ."

ಎಲಾ ಇವಳ! ಮೈಯೆಲ್ಲ ಉರಿಯಿತು. ಪುಸ್ತಕವನ್ನು ರದ್ದಿಗೆ ಹಾಕಬೇಕೆನಿಸಿತು. ಆದರೆ ತಲೆಯೊಳಗೆ ಹೋಗಿ ಕೂತದ್ದನ್ನು ಯಾವ ರದ್ದಿಗೆ ಹಾಕಲಿ?

ಮರುದಿನ ಬೆಳಿಗ್ಗೆ ಶಟರ್ ಎತ್ತಿ ತಿರುಗಿ ನೋಡಿದರೆ ಮಗಳು ಸ್ಟೂಲಿನ ಮೇಲೆ ನಿಂತಿದ್ದಾಳೆ. ಕೈಯಲ್ಲಿ ಕುಂಕುಮದ ಬಟ್ಟಲು. ಮೂಗಿನ ಕೆಳಗೆ, ಈ ಕೆನ್ನೆಯಿಂದ ಆ ಕೆನ್ನೆಯವರೆಗೆ, ಕಾಡಿಗೆಯ ಮೀಸೆ! ತಕ್ಕಡಿಗೆ ಕುಂಕುಮ ಹಚ್ಚಿದಳು, ಹೂವಿಟ್ಟಳು, ಕೈಮುಗಿದಳು.

ನಾನು ಬಿದ್ದು ಬಿದ್ದು ನಕ್ಕೆ. ಅವಳು ನಗಲಿಲ್ಲ. ಸ್ಟೂಲಿನಿಂದಿಳಿದು, ಕಾಡಿಗೆ ಡಬ್ಬಿ ಹಿಡಿದುಕೊಂಡು ನನ್ನ ಹತ್ತಿರ ಬಂದಳು.

"ಅವ್ವಾ, ಮಾರಿ ಈ ಕಡಿ ಮಾಡ. ನಿನಗೂ ಹಚ್ತೇನಿ. ಆಮ್ಯಾಲ ಅಂಗಡಿ ನಿಂದ ಆಕ್ಕೈತಿ."