ಹನಮಂತವ್ವನ ಹಾಜರಿ

ನಮ್ಮೂರ ಹೆಣ್ಣುಮಕ್ಕಳ ಶಾಲೆಗೆ ಯಾವ ಹುಡುಗಿಯೂ ತಾನಾಗಿ ಹೋಗುತ್ತಿರಲಿಲ್ಲ. ಕರೆದೊಯ್ಯಲು ಹನಮಂತವ್ವ ಇದ್ದಳು, ಅದೇ ಅವಳ ನೌಕರಿ. ದಿನಾ ಒಂಬತ್ತು ಗಂಟೆಗೆ ಮನೆಮನೆಯ ಬಾಗಿಲಲ್ಲಿ ನಿಂತು ಹುಡುಗಿಯನ್ನು ಕೇಳುವಳು. ಕುಳ್ಳು ತಟ್ಟುವುದಿದೆ ಎಂದು ತಾಯಿ ನೆಪ ಹೇಳಿದರೆ ತಾನೇ ಕೂತು ಕುಳ್ಳು ತಟ್ಟಿಕೊಟ್ಟು, ಕೈ ತೊಳೆದು, ಹುಡುಗಿಯನ್ನು ಎಬ್ಬಿಸಿಕೊಂಡು ಹೋಗುವಳು. ಕೂಸು ನೋಡುವವರಿಲ್ಲ ಎಂದರೆ ಕೂಸನ್ನೂ ಕಂಕುಳಿಗೆ ಏರಿಸುವಳು. ಹೀಗಾಗಿ ನಮ್ಮ ಶಾಲೆಯಲ್ಲಿ ಹುಡುಗಿಯರ ಜೊತೆಗೆ ಆರು ಕೂಸುಗಳೂ, ಉಡಚಪ್ಪನ ಮಗಳ ಬೆನ್ನು ಬಿಡದ ಒಂದು ಆಡಿನ ಮರಿಯೂ ಇದ್ದವು. ಆ ಮರಿ ನನಗಿಂತ ಹೆಚ್ಚು ದಿನ ಹಾಜರಿತ್ತು. ಇದನ್ನು ಹೇಳಲು ನನಗೇನೂ ನಾಚಿಕೆಯಿಲ್ಲ.

ನಾನು ಅಡಗಿಕೊಳ್ಳುವ ಹುಡುಗಿ. ಬಣವೆಯೊಳಗೆ, ಕಣಜದ ಹಿಂದೆ, ಒಮ್ಮೆ ನೀರಿನ ದೊಡ್ಡ ಹರವಿಯೊಳಗೂ ಕೂತಿದ್ದೆ. ಹನಮಂತವ್ವ ಹುಡುಕಿ ತೆಗೆದು, ಕಿವಿ ಹಿಂಡಿ, ಎಷ್ಟು ತಡಮಾಡುತ್ತೀಯೆಂದು ದಾರಿಯುದ್ದಕ್ಕೂ ಬೈಯುತ್ತ ಎಳೆದೊಯ್ಯುತ್ತಿದ್ದಳು.

ಅವಳನ್ನು ನೇಮಿಸಿದ್ದು ಸಾಂಗಲಿ ಸಂಸ್ಥಾನ. ಶಿರಹಟ್ಟಿ ಸೀಮೆ ಆಗ ಅವರದು, ಪಗಾರ ಸಂಸ್ಥಾನದ ಖಜಾನೆಯದು. ಸ್ವಾತಂತ್ರ್ಯ ಬಂದ ಮರುವರ್ಷ ಸಂಸ್ಥಾನ ಮುಂಬಯಿ ಪ್ರಾಂತಕ್ಕೆ ಸೇರಿತು, ಶಾಲೆ ಧಾರವಾಡದ ಸ್ಕೂಲ್ ಬೋರ್ಡಿನ ಕೈಗೆ ಬಂತು. ಬೋರ್ಡಿಗೆ ರೊಕ್ಕ ಎರಡು ಕಡೆಯಿಂದ: ರೈತರು ಕಂದಾಯದ ಜೊತೆ ಕಟ್ಟುವ ಕರದಿಂದ ಸ್ವಲ್ಪ, ಸರಕಾರದ ಗ್ರ್ಯಾಂಟಿನಿಂದ ಬಹಳ. ಆದ್ದರಿಂದ ಹನಮಂತವ್ವನ ವಿಷಯ ಏನು ಕೇಳಿದರೂ ಬೋರ್ಡಿನವರು ಸರಕಾರದ ಕಡೆ ಕೈ ತೋರಿಸುವರು, ಸರಕಾರದವರು ಬೋರ್ಡಿನ ಕಡೆ. ಆಮೇಲೆ ಏಕೀಕರಣವಾಗಿ ನಾವೆಲ್ಲ ಮೈಸೂರು ರಾಜ್ಯದವರಾದೆವು. ಊರಲ್ಲಿ ಪೇಢೆ ಹಂಚಿದರು, ಹನಮಂತವ್ವ ಎರಡು ತಿಂದಳು. ಆರು ತಿಂಗಳಿಗೆ ಕಾಗದ ಬಂತು. ಹೊಸ ಸರಕಾರದ ಹುದ್ದೆಗಳ ಪಟ್ಟಿಯಲ್ಲಿ ಹುಡುಗಿಯರನ್ನು ಕರೆತರುವವಳು ಎಂಬ ಹುದ್ದೆಯೇ ಇಲ್ಲವಂತೆ. ಆದರೂ ತಪಾಸಣೆಯ ಸಾಹೇಬರು ಬಂದು ಎಣಿಸುತ್ತಾರೆ, ಇಪ್ಪತ್ತು ಹುಡುಗಿಯರಿದ್ದರೆ ಶಾಲೆಯೂ ಹುದ್ದೆಯೂ ಉಳಿಯುತ್ತವೆ, ಒಬ್ಬಳು ಕಡಿಮೆಯಾದರೂ ಶಾಲೆಯನ್ನು ಗಂಡುಮಕ್ಕಳ ಶಾಲೆಗೆ ಕೂಡಿಸಲಾಗುತ್ತದೆ ಎಂದಿತ್ತು. ಗಂಡುಮಕ್ಕಳ ಶಾಲೆಗಾದರೆ ನಮ್ಮ ಕೇರಿಯವರು ಒಬ್ಬ ಹುಡುಗಿಯನ್ನೂ ಕಳಿಸುತ್ತಿರಲಿಲ್ಲ. ಹಾಜರಿ ಪುಸ್ತಕದಲ್ಲಿ ನಾವು ಸರಿಯಾಗಿ ಇಪ್ಪತ್ತು ಜನ, ನನ್ನನ್ನೂ ಹಿಡಿದು.

ಸಾಹೇಬರು ಹದಿಮೂರರ ಮಗ್ಗಿ ಕೇಳುತ್ತಾರೆಂದು ಸುದ್ದಿಯಾಯಿತು. ಅವರು ಬರುವ ದಿನ ನಾನು ಬೆಳಗಾಗುತ್ತಲೇ ಬಣವೆ ಹೊಕ್ಕೆ. ಹನಮಂತವ್ವ ಬಂದು ಹುಲ್ಲು ಕಿತ್ತುಕಿತ್ತು ನೋಡಿದಳು. ಆವತ್ತು ಬೈಯಲಿಲ್ಲ. ಇದೊಂದು ದಿನ ಬಾರವ್ವ ಎಂದು ಬಣವೆಗೇ ಕೈ ಮುಗಿದಳು. ನಾನು ಮೂಗು ಹಿಡಿದುಕೊಂಡು ಸುಮ್ಮನಿದ್ದೆ. ಹೊತ್ತಾಯಿತೆಂದು ಅವಳು ಹೋದ ಮೇಲೆ ನಾನೂ ಹೊರಬಂದೆ. ಹಿತ್ತಲ ದಾರಿಯಿಂದ ಓಡಿಹೋಗಿ ಶಾಲೆಯ ಸರಳಿಲ್ಲದ ಕಿಟಕಿಯಲ್ಲಿ ಇಣುಕಿದೆ.

ಗದಗಿನಿಂದ ಬಂದಿದ್ದ ಪುಂಡಲೀಕಪ್ಪ ಸಾಹೇಬರು ಎರಡು ಸಲ ಎಣಿಸಿ ಹತ್ತೊಂಬತ್ತು ಎಂದರು. ಹನಮಂತವ್ವ ಕೂಸುಗಳನ್ನು ತೋರಿಸಿದಳು. ಆರು ವರ್ಷ ತುಂಬಿರಬೇಕು ಎಂದರು ಸಾಹೇಬರು.

"ನನಗ ತುಂಬ್ಯಾವಲ್ರಿ," ಎಂದು ಹನಮಂತವ್ವ ಮೂರನೆಯ ಸಾಲಿನಲ್ಲಿ ಕೂತೇಬಿಟ್ಟಳು.

ಸಾಹೇಬರು ಚೀಲದಿಂದ ಮುಂಬಯಿಯದೊಂದು, ಮೈಸೂರಿನದೊಂದು ನಿಯಮದ ಪುಸ್ತಕ ತೆಗೆದರು. ಎಷ್ಟು ವಯಸ್ಸಿನಿಂದ ಎಂದು ಎರಡರಲ್ಲೂ ಇತ್ತು, ಎಷ್ಟು ವಯಸ್ಸಿನವರೆಗೆ ಎಂದು ಬರೆಯಲು ಎರಡೂ ಸರಕಾರಕ್ಕೆ ತೋಚಿರಲಿಲ್ಲ. ಓದು ಬರುತ್ತದೆಯೇ ಎಂದು ಪರೀಕ್ಷೆಗೆ ನಿಂತರು. ಹನ್ನೆರಡು ವರ್ಷ ಕೂಸುಗಳನ್ನು ತೊಡೆಯ ಮೇಲಿಟ್ಟುಕೊಂಡು ಶಾಲೆಯ ಬಾಗಿಲಲ್ಲೇ ಕೂತವಳು ಅವಳು. ಪಾಠವನ್ನು ಎಲ್ಲೂ ತಡವರಿಸದೆ ಓದಿದಳು. ಹದಿಮೂರರ ಮಗ್ಗಿಯನ್ನು ಮೇಲಿಂದ ಕೆಳಗೆ ಹೇಳಿ, ಯಾರೂ ಕೇಳದಿದ್ದರೂ ಕೆಳಗಿಂದ ಮೇಲಕ್ಕೂ ಹೇಳಿದಳು. ಸಾಹೇಬರು ಹೂಂ ಎಂದರು. ಶಾಲೆ ಕಲಿಸುವ ಶಮಶಾದಬಿ ಅಕ್ಕೋರು ಅವಳ ಹೆಸರನ್ನು ಪುಸ್ತಕದಲ್ಲಿ ಬರೆದು ಕೂಗಿದರು. ಹನಮಂತವ್ವ ಎದ್ದು, ಕೈಕಟ್ಟಿ, ಹಾಜರ್ ರೀ ಎಂದಳು. ಅವಳ ಮುಖ ಅಷ್ಟು ಅರಳಿದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ.

"ಒಂದ ಮಾತೈತಿ ನೋಡವಾ," ಎಂದರು ಸಾಹೇಬರು. "ಪಗಾರ ತಗೊಳ್ಳೋರ ಹೆಸರು ಕಲಿಯೋರ ಪುಸ್ತಕದಾಗ ಬರಂಗಿಲ್ಲ. ನೌಕರಿ ಬೇಕೋ, ಶಾಲಿ ಬೇಕೋ ಹೇಳು."

"ಹಂಗಾದ್ರ ನೌಕರಿ ಬಿಟ್ಟೆ ನೋಡ್ರಿ. ಹೆಸರು ಇರ್ಲಿ."

ಅವಳಿಗೆ ಹೊಲವಿಲ್ಲ, ಗಂಡನಿಲ್ಲ. ನನ್ನ ದೆಸೆಯಿಂದ ಅವಳ ಅನ್ನ ಹೋಯಿತಲ್ಲ ಎಂದು ನನಗೆ ಅಳು ಬಂತು. ಹಿಂದುಮುಂದು ನೋಡದೆ ಕಿಟಕಿ ಹತ್ತಿ ಒಳಗೆ ಹಾರಿದೆ. ಆಡಿನ ಮರಿಯ ಮೇಲೆ ಬಿದ್ದೆ. ಅದು ಅರಚಿತು, ಆರೂ ಕೂಸುಗಳು ಅತ್ತವು, ನನ್ನ ತಲೆಯಿಂದ ಹುಲ್ಲು ಸಾಹೇಬರ ಪುಸ್ತಕದ ಮೇಲೆ ಉದುರಿತು. ಸಾಹೇಬರು ಹುಲ್ಲು ಝಾಡಿಸಿ ಮತ್ತೆ ಎಣಿಸಿದರು. ಹನಮಂತವ್ವನನ್ನು ಬಿಟ್ಟೇ ಇಪ್ಪತ್ತು. ಕಗ್ಗಂಟು ಬಿಚ್ಚಿತೆಂದು ಅವರಿಗೆ ಬಹಳ ಸಂತೋಷವಾಯಿತು. ಕೆಂಪು ಶಾಯಿಯಲ್ಲಿ ಅವಳ ಹೆಸರಿನ ಮೇಲೆ ಗೆರೆ ಎಳೆದು, ಶಾಲೆಯೂ ಉಳಿಯಿತು, ಹುದ್ದೆಯೂ ಉಳಿಯಿತು ಎಂದು ಬರೆದು, ನಾನು ಮಗ್ಗಿಯ ಹದಿಮೂರೇಳಲೆಯಲ್ಲಿ ಸಿಕ್ಕಿಬಿದ್ದದ್ದನ್ನೂ ಮನ್ನಿಸಿ ಬಸ್ಸಿಗೆ ಹೋದರು. ಅಕ್ಕೋರು ನನ್ನ ಬೆನ್ನು ತಟ್ಟಿದರು. ನಾನು ಊರನ್ನೇ ಉಳಿಸಿದವಳಂತೆ ಬೀಗಿದೆ.

ಸಂಜೆ ಹನಮಂತವ್ವ ಎಲ್ಲರನ್ನೂ ಮನೆ ಮುಟ್ಟಿಸಿ, ಕೊನೆಗೆ ನನ್ನನ್ನು ಕರೆತಂದಳು. ದಾರಿಯುದ್ದಕ್ಕೂ ಹೊಗಳುತ್ತಾಳೆಂದು ನಾನು ಕಾದೇ ಕಾದೆ. ನಮ್ಮ ಬಾಗಿಲಲ್ಲಿ ನನ್ನ ಕಿವಿ ಹಿಡಿದಳು, ಆದರೆ ಹಿಂಡಲಿಲ್ಲ.

"ದಿನಾ ತಡಾ ಮಾಡ್ತಿದ್ದಿ. ಇವತ್ತೊಂದಿನ ಇನ್ನೊಂಚೂರು ತಡಾ ಮಾಡಿದ್ರ ನಿನ್ನ ಗಂಟೇನು ಹೋಗ್ತಿತ್ತು?"

ಮರುದಿನ ನಾನು ಬೇಕೆಂದೇ ತಡಮಾಡಿದೆ. ಆದರೆ ಎಣಿಸಲು ಸಾಹೇಬರಿರಲಿಲ್ಲ.